ಹದಿನಾಲ್ಕು ಪಾಯಿಂಟಿನಿಂದ ಆರಕ್ಕೆ: ಹಂಪಿಯ ಒಂದು ಎಲೆಕ್ಟ್ರಿಕ್ ಸ್ಕೂಟರ್ ಪ್ರವಾಸದ ಪ್ರಕರಣ ಅಧ್ಯಯನ

ಹಂಪಿಯ ಅವಶೇಷಗಳನ್ನು ಗೈಡ್ ಜೊತೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಮೇಲೆ ತೋರಿಸುವ ಒಂದು ಸಣ್ಣ ತಂಡ ಎರಡು ಪ್ರವಾಸಿ ಋತುಗಳಲ್ಲಿ ಕಂಡ ಏರಿಳಿತವನ್ನು ಇಲ್ಲಿ ದಾಖಲಿಸಿದ್ದೇನೆ. ತಂಡದವರ ಗುರುತು ಹೊರಬೀಳದಂತೆ ಹೆಸರುಗಳನ್ನು ಬಿಟ್ಟಿದ್ದೇನೆ ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಊರನ್ನು ಮಾತ್ರ ಬದಲಿಸಿಲ್ಲ, ಏಕೆಂದರೆ ಇಲ್ಲಿನ ಸಮಸ್ಯೆಯ ಅರ್ಧ ಭಾಗ ಹಂಪಿಯ ನೆಲದಿಂದಲೇ ಹುಟ್ಟಿದ್ದು. ನಾನು ಈ ತಂಡಕ್ಕೆ ಮಾರ್ಗ ರೂಪಿಸುವ ವಿಷಯದಲ್ಲಿ ಆಗಾಗ ಸಲಹೆ ಕೊಟ್ಟವನು. ಮುಂದೆ ಹೇಳುವ ತಪ್ಪುಗಳಲ್ಲಿ ಒಂದಕ್ಕೆ ನಾನೂ ತಲೆಯಾಡಿಸಿದ್ದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹಿನ್ನೆಲೆ

1336ರಲ್ಲಿ ಸ್ಥಾಪನೆಯಾಗಿ 1565ರ ಯುದ್ಧದ ನಂತರ ಹಾಳುಬಿದ್ದ ವಿಜಯನಗರದ ಅವಶೇಷಗಳು ಒಂದೇ ಕಡೆ ಗುಂಪಾಗಿ ನಿಂತಿಲ್ಲ. ಹೊಳೆಯ ದಂಡೆಯಲ್ಲಿ ವಿರೂಪಾಕ್ಷ, ಅಚ್ಯುತರಾಯ, ವಿಠ್ಠಲ ದೇವಾಲಯಗಳ ಸಾಲು. ಅದರ ದಕ್ಷಿಣಕ್ಕೆ ಕಾಲುವೆ ನೀರಿನ ಬಾಳೆ, ಕಬ್ಬು, ಭತ್ತದ ಗದ್ದೆಗಳು. ಅದನ್ನೂ ದಾಟಿದರೆ ಕಮಲಾಪುರದ ಕಡೆಗೆ ಅರಮನೆಯ ಆವರಣ. ನಡುವೆ ಎಲ್ಲೆಲ್ಲೂ ಗುಂಡುಕಲ್ಲಿನ ಗುಡ್ಡಗಳು. ಇದರಿಂದಾಗಿ ದೂರದ ಲೆಕ್ಕ ಹೊಸಬರಿಗೆ ವಿಚಿತ್ರವಾಗಿ ಕಾಣುತ್ತದೆ. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನಿಂದ ವಿಠ್ಠಲ ದೇವಾಲಯಕ್ಕೆ ಹೊಳೆಯ ಅಂಚಿನಲ್ಲಿ ನಡೆದು ಹೋದರೆ ಎರಡು ಕಿಲೋಮೀಟರಿನ ಆಸುಪಾಸು; ರಸ್ತೆ ಹಿಡಿದು ಕಮಲಾಪುರ ಸುತ್ತಿಕೊಂಡು ಹೋದರೆ ಅದರ ನಾಲ್ಕು ಪಟ್ಟಿಗೂ ಹೆಚ್ಚು. ಬಸ್ಸಿನಲ್ಲಿ ಬಂದವರು ಇಳಿದು ನೋಡಿ ಹತ್ತುತ್ತಾರೆ, ನಡುವಿನ ನೆಲ ಅವರಿಗೆ ಕಿಟಕಿಯಾಚೆ ಜಾರಿಹೋಗುತ್ತದೆ. ನಡೆಯುವವರಿಗೆ ಒಂದು ದಿನ ಸಾಲದು, ಏಪ್ರಿಲ್ ಮೇ ತಿಂಗಳಲ್ಲಂತೂ ಪಾರಾ 40 ಡಿಗ್ರಿ ಮುಟ್ಟುವುದರಿಂದ ಹನ್ನೊಂದು ಗಂಟೆಯ ಮೇಲೆ ಬಂಡೆಗಳ ನಡುವೆ ನಿಲ್ಲುವುದೇ ಕಷ್ಟ.

ಸ್ಕೂಟರ್ ಈ ಎರಡರ ನಡುವಿನ ಅನುಕೂಲ. ತಂಡದ ಸಂಚಾಲಕಿ ಇದೇ ಭಾಗದವರು, ಮೊದಲು ಬಾಡಿಗೆ ಸೈಕಲ್ ಇಟ್ಟುಕೊಂಡಿದ್ದವರು. ಹತ್ತು ಕಡಿಮೆ ವೇಗದ ಸ್ಕೂಟರುಗಳನ್ನು ಕೊಂಡರು. ಮೋಟಾರು 250 ವ್ಯಾಟ್ ಮೀರದ, ವೇಗ 25 ಕಿಲೋಮೀಟರ್ ದಾಟದ ಬ್ಯಾಟರಿ ಗಾಡಿಗೆ ನಮ್ಮ ಮೋಟಾರು ವಾಹನ ನಿಯಮಗಳಲ್ಲಿ ನೋಂದಣಿಯೂ ಬೇಕಿಲ್ಲ, ಓಡಿಸುವವರಿಗೆ ಲೈಸೆನ್ಸೂ ಬೇಕಿಲ್ಲ. ಲೈಸೆನ್ಸ್ ತರದೆ ಬಂದ ಪ್ರವಾಸಿಗರಿಗೂ ಗಾಡಿ ಕೊಡಬಹುದು ಎಂಬುದು ಅವರ ವ್ಯವಹಾರದ ಮೂಲ ಲೆಕ್ಕವಾಗಿತ್ತು. ಜೊತೆಗೆ ಇಪ್ಪತ್ತು ವರ್ಷ ಹಂಪಿ ತೋರಿಸಿದ ಹಿರಿಯ ಗೈಡ್ ಒಬ್ಬರು, ಗಾಡಿ ನೋಡಿಕೊಳ್ಳಲು ಒಬ್ಬ ಮೆಕ್ಯಾನಿಕ್, ಹಿಂದಿನಿಂದ ಬರಲು ಒಬ್ಬ ಹುಡುಗ.

ಸಮಸ್ಯೆ

ಬೋರ್ಡಿನ ಮೇಲೆ ಹದಿನಾಲ್ಕು ಸ್ಥಳಗಳಿದ್ದವು: ವಿರೂಪಾಕ್ಷ, ಹೇಮಕೂಟ, ಕಡಲೆಕಾಳು ಮತ್ತು ಸಾಸಿವೆಕಾಳು ಗಣೇಶ, ಕೃಷ್ಣ ದೇವಾಲಯ, ಉಗ್ರನರಸಿಂಹ, ಬಡವಿಲಿಂಗ, ನೆಲಮಟ್ಟದ ಕೆಳಗಿನ ಶಿವಾಲಯ, ಹಜಾರ ರಾಮ, ಮಹಾನವಮಿ ದಿಬ್ಬ, ಕಮಲ ಮಹಲ್, ಗಜಶಾಲೆ, ರಾಣಿಯ ಸ್ನಾನಗೃಹ, ಕೊನೆಗೆ ವಿಠ್ಠಲ. ಐದು ಗಂಟೆಯಲ್ಲಿ ಇಷ್ಟೂ. ಇದನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಹಂಪಿಗೆ ಬಂದವರು ಆಟೋದವರನ್ನಾಗಲಿ ಗೈಡ್‌ಗಳನ್ನಾಗಲಿ ಮೊದಲು ಕೇಳುವ ಪ್ರಶ್ನೆ "ಎಷ್ಟು ಪಾಯಿಂಟ್ ತೋರಿಸ್ತೀರಿ?" ಎಂಬುದೇ. ಪಕ್ಕದವರು ಹನ್ನೆರಡು ಅಂದರೆ ನಾವು ಹದಿನಾಲ್ಕು ಅನ್ನಬೇಕು ಎಂಬ ಪೈಪೋಟಿಯಲ್ಲಿ ಪಟ್ಟಿ ತಾನಾಗಿ ಬೆಳೆದಿತ್ತು.

ಮೊದಲ ಋತುವಿನ ಮೂರನೆಯ ವಾರದಿಂದಲೇ ದೂರುಗಳು ಶುರುವಾದವು. ಮಧ್ಯಾಹ್ನದ ತಂಡದಲ್ಲಿ ಒಂದೆರಡು ಗಾಡಿಗಳು ಮಾಲ್ಯವಂತ ಗುಡ್ಡದ ಹತ್ತಿರದ ಏರಿನಲ್ಲಿ ನಿಂತುಬಿಡುತ್ತಿದ್ದವು. ಗೈಡ್ ಮುಂದೆ, ಕೊನೆಯ ಗಾಡಿ ಅರ್ಧ ಕಿಲೋಮೀಟರ್ ಹಿಂದೆ. ಹಿಂದಿನವರು ಬಂದು ಹೆಲ್ಮೆಟ್ ತೆಗೆಯುವಷ್ಟರಲ್ಲಿ ವಿವರಣೆ ಮುಗಿದಿರುತ್ತಿತ್ತು. ವಿಠ್ಠಲ ದೇವಾಲಯ ತಲುಪುವ ಹೊತ್ತಿಗೆ ಎಲ್ಲರೂ ಬಳಲಿರುತ್ತಿದ್ದರು, ಐವತ್ತು ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡರೆ ಮುಗಿಯಿತು.

ತಂಡದವರು ಇದನ್ನು ಮೂರು ಬೇರೆ ಬೇರೆ ತೊಂದರೆಗಳೆಂದು ನೋಡಿದರು: ಚಾರ್ಜು ಸಾಲುತ್ತಿಲ್ಲ, ಮಾತು ಕೇಳಿಸುತ್ತಿಲ್ಲ, ಹೊತ್ತು ಸಾಲುತ್ತಿಲ್ಲ. ಒಂದೊಂದಕ್ಕೂ ಒಂದೊಂದು ಮದ್ದು ಹುಡುಕಿದರು.

ಮಾಡಿ ನೋಡಿದ್ದು

ಮೊದಲು ಚಾರ್ಜಿನ ವಿಷಯ. ಗಾಡಿ ಮಾರಿದವರು ಒಂದು ಚಾರ್ಜಿಗೆ 55 ಕಿಲೋಮೀಟರ್ ಎಂದಿದ್ದರು, ಇವರ ಸುತ್ತು ಒಟ್ಟು 25 ಕಿಲೋಮೀಟರಿನಷ್ಟು. ಹಾಗಿದ್ದೂ ಗಾಡಿ ಯಾಕೆ ನಿಲ್ಲುತ್ತದೆ ಎಂಬುದು ಸಂಚಾಲಕಿಗೆ ಒಗಟಾಗಿತ್ತು. ಕಾರಣ ಹುಡುಕಿದ್ದು ಮೆಕ್ಯಾನಿಕ್. ಗಾಡಿಯಲ್ಲಿದ್ದದ್ದು 12 ವೋಲ್ಟಿನ ನಾಲ್ಕು ಸೀಸ-ಆಮ್ಲದ ಬ್ಯಾಟರಿಗಳು, ಒಂದರ ಹಿಂದೆ ಒಂದು ಜೋಡಿಸಿ 48 ವೋಲ್ಟ್. ಇಂಥ ಜೋಡಣೆಯಲ್ಲಿ ನಾಲ್ಕರಲ್ಲಿ ಒಂದು ಸೊರಗಿದರೂ ಇಡೀ ಗಾಡಿ ಅದರ ಮಟ್ಟಕ್ಕೆ ಇಳಿಯುತ್ತದೆ. ಪೂರ್ತಿ ಚಾರ್ಜಿಗೆ ಏಳೆಂಟು ಗಂಟೆ ಬೇಕು. ಇವರು ಬೆಳಗಿನ ತಂಡ ಹನ್ನೆರಡಕ್ಕೆ ಮರಳಿದ ಮೇಲೆ ಎರಡೂವರೆಗೆ ಮತ್ತೆ ಹೊರಡಿಸುತ್ತಿದ್ದರು. ಎಲ್ಲಕ್ಕಿಂತ ಮೋಸ ಮಾಡಿದ್ದು ಹ್ಯಾಂಡಲಿನ ಮೇಲೆ ಚಾರ್ಜ್ ತೋರಿಸುವ ಗೀಟುಗಳು. ಅವು ತೋರಿಸುವುದು ಆ ಕ್ಷಣದ ವೋಲ್ಟೇಜನ್ನು. ಗಾಡಿ ನೆರಳಿನಲ್ಲಿ ಅರ್ಧ ಗಂಟೆ ನಿಂತರೆ ವೋಲ್ಟೇಜ್ ತುಸು ಚೇತರಿಸಿಕೊಂಡು ಮೂರು ಗೀಟು ಬೆಳಗುತ್ತವೆ. ಇಬ್ಬರು ಕೂತು ಏರು ಹತ್ತಿದ ತಕ್ಷಣ ಕುಸಿದು ಒಂದಕ್ಕೆ ಬರುತ್ತವೆ, ಆಮೇಲೆ ಅದೂ ಆರುತ್ತದೆ. ಕಮಲ ಮಹಲಿನ ಮುಂದೆ "ಚಾರ್ಜ್ ಐತಿ" ಎಂದು ಹೊರಟ ಗಾಡಿ ಮಾಲ್ಯವಂತದ ಬುಡದಲ್ಲಿ ನಿಲ್ಲುತ್ತಿದ್ದದ್ದು ಇದರಿಂದ.

ಕಾರಣ ಇಷ್ಟು ಸ್ಪಷ್ಟವಾಗಿ ಗೊತ್ತಾದ ಮೇಲೂ ಮಧ್ಯಾಹ್ನದ ತಂಡವನ್ನು ಕೈಬಿಡಲು ಸಂಚಾಲಕಿಗೆ ಮನಸ್ಸು ಬರಲಿಲ್ಲ, ಸಾಲದ ಕಂತು ಎದುರಿಗಿತ್ತು. ಕಮಲಾಪುರದ ಒಂದು ಅಂಗಡಿಯಲ್ಲಿ ಎರಡು ಸೆಟ್ ಬ್ಯಾಟರಿ ಇಟ್ಟು, ಗಾಡಿ ನಿಂತರೆ ಹಿಂದಿನ ಹುಡುಗ ಹೋಗಿ ಹೊತ್ತು ತರುವ ಏರ್ಪಾಡು ಮಾಡಿದರು.

ಎರಡನೆಯದು ಮಾತು. ಗೈಡ್ ಫೋನಿನಲ್ಲಿ ಕಾನ್ಫರೆನ್ಸ್ ಕರೆ ಹಾಕಿ, ಸವಾರರೆಲ್ಲ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಗಾಡಿ ಓಡುತ್ತಿರುವಾಗಲೇ ವಿವರಣೆ ಕೇಳುವ ಪದ್ಧತಿ ತಂದರು. ಸಮಯ ಉಳಿಯುತ್ತದೆ ಎಂದು ನಾನು ತಲೆಯಾಡಿಸಿದ್ದು ಇದಕ್ಕೇ. ಗುಡ್ಡಗಳ ನಡುವೆ ಸಿಗ್ನಲ್ ಕಡಿದುಹೋಗುತ್ತಿತ್ತು. ಸಿಕ್ಕಾಗ ಕೇಳಿಸುತ್ತಿದ್ದದ್ದು ಬಹುಪಾಲು ಗಾಳಿಯ ಸದ್ದು. ಹಿರಿಯ ಗೈಡ್ ಮೊದಲ ದಿನವೇ ಗೊಣಗಿದರು: "ಗಾಡಿ ನಿಂತ್ರ ಮಾತು, ಓಡಿದ್ರ ಬರೇ ಗಾಳಿ." ಅವರ ಮಾತನ್ನು ನಾವು ಹಳಬರ ಹಟ ಎಂದುಕೊಂಡೆವು.

ಮೂರನೆಯದು ಹೊತ್ತು, ಇದೇ ಅಪಾಯಕಾರಿಯಾದದ್ದು. ಮೋಟಾರಿಗೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ಅಗ್ಗದ ಕಂಟ್ರೋಲರುಗಳಲ್ಲಿ ವೇಗವನ್ನು ಹಿಡಿದಿಡುವ ಒಂದು ವೈರ್ ಸುರುಳಿ ಇರುತ್ತದೆ. ಅದನ್ನು ಬಿಚ್ಚಿದರೆ ಗಾಡಿ 25ರ ಮಿತಿ ದಾಟುತ್ತದೆ. ಮೆಕ್ಯಾನಿಕ್ ನಾಲ್ಕು ಗಾಡಿಗಳಲ್ಲಿ ಬಿಚ್ಚಿದ. ಕಾನೂನಿನ ಕಣ್ಣಿನಲ್ಲಿ ಆ ಒಂದು ವೈರ್ ಎಷ್ಟು ದೊಡ್ಡದು ಎಂಬುದು ಯಾರಿಗೂ ಹೊಳೆಯಲಿಲ್ಲ. ವಿನಾಯಿತಿ ಸಿಕ್ಕಿದ್ದು ಗಾಡಿಗೆ ಬ್ಯಾಟರಿ ಇದೆ ಎಂಬ ಕಾರಣಕ್ಕಲ್ಲ, ಅದು ನಿಧಾನ ಎಂಬ ಕಾರಣಕ್ಕೆ. ಮಿತಿ ದಾಟಿದ ಗಳಿಗೆಯಿಂದ ಅದು ಪೂರ್ತಿ ಮೋಟಾರು ವಾಹನ: ನೋಂದಣಿ ಬೇಕು, ಓಡಿಸುವವರಿಗೆ ಲೈಸೆನ್ಸ್ ಬೇಕು, ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಮೂರನೆಯವರ ವಿಮೆ ಬೇಕು, ಬಾಡಿಗೆಗೆ ಕೊಡುವುದಾದರೆ ಅದಕ್ಕೆ ಬೇರೆ ಪರವಾನಗಿ ಬೇಕು. ಈ ನಾಲ್ಕು ಗಾಡಿಗಳಿಗೆ ಇವುಗಳಲ್ಲಿ ಯಾವುದೂ ಇರಲಿಲ್ಲ.

ಬಾಳೆತೋಟದ ತಿರುವು

ಘಟನೆ ನಡೆದದ್ದು ಒಂದು ಭಾನುವಾರ, ಉಗ್ರನರಸಿಂಹನಿಂದ ಅರಮನೆ ಆವರಣದ ಕಡೆ ಹೋಗುವ ರಸ್ತೆಯಲ್ಲಿ. ಎರಡೂ ಬದಿ ಬಾಳೆತೋಟ, ಹೊಲಕ್ಕೆ ಬಿಟ್ಟ ನೀರು ರಸ್ತೆಯ ಒಂದು ತಗ್ಗಿನಲ್ಲಿ ಹರಿದಿತ್ತು, ಅದರ ಮೇಲೆ ಟ್ರ್ಯಾಕ್ಟರಿನ ಚಕ್ರದ ಕೆಸರು. ಗೈಡ್ ಈ ಜಾಗ ಬಲ್ಲವರು, ನಿಧಾನಿಸಿ ದಾಟಿದರು, ಹಿಂದಿನವರಿಗೂ ಕೈ ಮಾಡಿದರು. ಸಾಲಿನ ಕೊನೆಯಲ್ಲಿದ್ದ ಕಾಲೇಜು ಹುಡುಗನಿಗೆ ಕೈ ಮಾಡಿದ್ದು ಕಾಣಲಿಲ್ಲ. ಅವನದು ವೈರ್ ಬಿಚ್ಚಿದ ಗಾಡಿ. ಫೋಟೋಕ್ಕೆಂದು ನಿಂತು ಹಿಂದೆ ಬಿದ್ದಿದ್ದ, ತಂಡವನ್ನು ಕೂಡಿಕೊಳ್ಳುವ ಆತುರದಲ್ಲಿದ್ದ, ಕಿವಿಯಲ್ಲಿ ಗೈಡ್ ಅವರ ದನಿ ಕಡಿದು ಕಡಿದು ಬರುತ್ತಿತ್ತು. ಕೆಸರಿನಲ್ಲಿ ಬ್ರೇಕ್ ಹಿಡಿದ, ಗಾಡಿ ಅಡ್ಡ ಬಿತ್ತು, ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು.

ಅವನು ಬಿದ್ದದ್ದು ಗೈಡ್‌ಗೆ ಗೊತ್ತಾಗಲು ಹತ್ತು ನಿಮಿಷ ಬೇಕಾಯಿತು. ಹಿಂದೆ ಕಾವಲಿಗೆ ಇರಬೇಕಿದ್ದ ಹುಡುಗ ಅಷ್ಟು ಹೊತ್ತಿಗೆ ಬ್ಯಾಟರಿ ತರಲು ಕಮಲಾಪುರದ ಅಂಗಡಿಗೆ ಹೋಗಿದ್ದ. ಬಿದ್ದವನನ್ನು ಎಬ್ಬಿಸಿ, ಬಾಳೆಮಂಡಿಯ ಗಾಡಿಯಲ್ಲಿ ಕೂರಿಸಿ ಹೊಸಪೇಟೆಯ ಆಸ್ಪತ್ರೆಗೆ ಕಳಿಸಿದ್ದು ತೋಟದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಹೆಂಗಸರು.

ಹುಡುಗನ ಮನೆಯವರು ದೂರು ಕೊಡಲಿಲ್ಲ. ಸಂಚಾಲಕಿ ಆಸ್ಪತ್ರೆಯ ಖರ್ಚು ತಾವೇ ಭರಿಸಿದರು. ಅದೃಷ್ಟ ಎನ್ನಬೇಕು, ಎದುರಿಗೆ ಬೇರೆ ಯಾರೂ ಇರಲಿಲ್ಲ. ಆ ಗಾಡಿ ದಾರಿಹೋಕರೊಬ್ಬರಿಗೆ ತಾಗಿದ್ದರೆ ವಿಮೆಯಿಲ್ಲದ, ನೋಂದಣಿಯಿಲ್ಲದ ವಾಹನದ ಹೊಣೆ ನೇರ ಸಂಚಾಲಕಿಯ ತಲೆಯ ಮೇಲೆ ಬೀಳುತ್ತಿತ್ತು.

ಈ ಪ್ರಕರಣದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇಲ್ಲಿ. ಕೆಸರು ಎಲ್ಲ ದಿನವೂ ಇರುವಂಥದ್ದೇ. ಅಂದು ಅದರ ಮೇಲೆ ಬಂದು ಸೇರಿದ್ದು ಮೂರು ಮದ್ದುಗಳು: ಹೊತ್ತು ಉಳಿಸಲು ಬಿಚ್ಚಿದ ವೈರ್, ಮಾತು ಮುಟ್ಟಿಸಲು ಕಿವಿಗೆ ಹಾಕಿದ ಇಯರ್‌ಫೋನ್, ಚಾರ್ಜಿನ ಕೊರತೆ ತುಂಬಲು ಹಿಂದಿನ ಹುಡುಗನನ್ನು ಎಳೆದುಕೊಂಡ ಬ್ಯಾಟರಿ ವ್ಯವಸ್ಥೆ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ತಕ್ಕಮಟ್ಟಿಗೆ ಜಾಣತನದ್ದೇ ಅನ್ನಿಸುತ್ತಿತ್ತು. ಮೂರೂ ದುಡಿಯುತ್ತಿದ್ದದ್ದು ಒಂದೇ ವಸ್ತುವನ್ನು ಉಳಿಸಲು, ಬೋರ್ಡಿನ ಮೇಲಿನ ಹದಿನಾಲ್ಕು ಎಂಬ ಅಂಕಿಯನ್ನು. ಆ ಅಂಕಿಯನ್ನು ಮುಟ್ಟಿ ನೋಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಮತ್ತೆ ಕೂತು ಮಾಡಿದ ಮಾರ್ಗ

ಎರಡು ವಾರ ಗಾಡಿಗಳು ಶೆಡ್ಡಿನಲ್ಲಿ ನಿಂತವು. ಮೆಕ್ಯಾನಿಕ್ ನಾಲ್ಕೂ ವೈರ್‌ಗಳನ್ನು ಮರಳಿ ಜೋಡಿಸಿ ಮೇಲೆ ಟೇಪ್ ಸುತ್ತಿದ. ಆಮೇಲೆ ನಡೆದ ಮಾತುಕತೆಯಲ್ಲಿ ನೋಂದಣಿಯಾದ ವೇಗದ ಸ್ಕೂಟರುಗಳನ್ನು ಕೊಳ್ಳುವ ಯೋಚನೆ ಮೊದಲು ಬಂತು. ಹಣ ಹೊಂದಲಿಲ್ಲ ಎಂಬುದು ನಿಜ, ಆದರೆ ಅದನ್ನು ಕೈಬಿಟ್ಟದ್ದಕ್ಕೆ ಬೇರೆ ಕಾರಣವೂ ಇತ್ತು: ವೇಗ ಹೆಚ್ಚಿದರೆ ಗೈಡ್ ಮತ್ತು ಸವಾರರ ನಡುವಿನ ಅಂತರ ಇನ್ನೂ ಹಿಗ್ಗುತ್ತದೆ. ಆಗ ಹಿರಿಯ ಗೈಡ್ ಒಂದು ಪ್ರಶ್ನೆ ಕೇಳಿದರು. ಬಸ್ಸಿನಲ್ಲಿ ಬಂದವರಿಗೂ ಕಲ್ಲಿನ ರಥ ಕಾಣುತ್ತದೆ, ಗಜಶಾಲೆಯ ಹನ್ನೊಂದು ಗುಮ್ಮಟಗಳೂ ಕಾಣುತ್ತವೆ. ಸ್ಕೂಟರಿನವರಿಗೆ ಮಾತ್ರ ಕಾಣುವಂಥದ್ದು ಏನಿದೆ?

ಉತ್ತರ ಹುಡುಕಲು ನಾವು ನಾಲ್ವರು ಒಂದು ಬೆಳಿಗ್ಗೆ ಗಾಡಿ ಹತ್ತಿ ಪಟ್ಟಿಯಿಲ್ಲದೆ ತಿರುಗಿದೆವು. ಕಂಡದ್ದು ನಡುವಿನ ನಗರ. 1443ರಲ್ಲಿ ಪರ್ಷಿಯಾದಿಂದ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕ್ ಈ ಊರಿಗೆ ಒಂದರೊಳಗೊಂದು ಏಳು ಕೋಟೆಗಳಿದ್ದವೆಂದೂ, ಹೊರಗಿನ ಸುತ್ತುಗಳ ನಡುವೆ ಹೊಲ, ತೋಟ, ಮನೆಗಳಿದ್ದವೆಂದೂ ಬರೆದಿದ್ದಾನೆ. ಗುಡಿಯಿಂದ ಗುಡಿಗೆ ಜಿಗಿಯುವವರಿಗೆ ಈ ಮಾತು ಪುಸ್ತಕದ ಮಾತಾಗಿಯೇ ಉಳಿಯುತ್ತದೆ. ಇಪ್ಪತ್ತರ ವೇಗದಲ್ಲಿ ಗದ್ದೆ, ಗೋಡೆ, ಬಂಡೆ, ಮತ್ತೆ ಗದ್ದೆ ಎಂದು ದಾಟುತ್ತ ಹೋದರೆ ಅದು ಮೈಗೆ ತಿಳಿಯುತ್ತದೆ.

ಆ ಬೆಳಗಿನಿಂದ ಹೊಸ ಪಟ್ಟಿ ಹುಟ್ಟಿತು, ಆರೇ ನಿಲುಗಡೆ. ಬೆಳಿಗ್ಗೆ ಆರೂವರೆಗೆ ಕಮಲಾಪುರದ ಕೆರೆ ಏರಿ. ಅರಮನೆಯ ಕಡೆಗೆ ನೀರು ಹೋಗುತ್ತಿದ್ದದ್ದು ಇಲ್ಲಿಂದ ಎಂಬಲ್ಲಿಂದ ಕಥೆ ಶುರು. ನಂತರ ಗಾಣಗಿತ್ತಿ ಬಸದಿ ಮತ್ತು ಅದರ ಹತ್ತಿರದ ಭೀಮನ ಬಾಗಿಲು. ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ 1385ರಲ್ಲಿ ಕಟ್ಟಿಸಿದ ಈ ಬಸದಿಯ ಮುಂದೆ ಬಸ್ಸುಗಳು ನಿಲ್ಲುವುದು ಅಪರೂಪ. ಭೀಮನ ಬಾಗಿಲಲ್ಲಿ ಗಾಡಿಗಳನ್ನು ಹೊರಗೇ ಬಿಟ್ಟು ನಡೆಯುತ್ತಾರೆ. ಬಾಗಿಲು ನೇರವಾಗಿಲ್ಲ, ಒಳಹೊಕ್ಕವರು ತಿರುಗಿ ಮತ್ತೆ ತಿರುಗಬೇಕು. ನುಗ್ಗಿ ಬರುವ ಕುದುರೆಯ ಓಟ ಅಲ್ಲೇ ಮುರಿಯಲಿ ಎಂದು ಹಾಗೆ ಕಟ್ಟಿದ್ದು. ಆಗಷ್ಟೇ ಗಾಡಿ ಇಳಿದವರಿಗೆ ಅದನ್ನು ಹೆಚ್ಚು ಬಿಡಿಸಿ ಹೇಳಬೇಕಾಗುವುದಿಲ್ಲ.

ಮೂರನೆಯದು ಮಹಾನವಮಿ ದಿಬ್ಬದ ಬದಿಯ ಮೆಟ್ಟಿಲು ಪುಷ್ಕರಣಿ, ಮುಕ್ಕಾಲು ಗಂಟೆ. ಹಳೆಯ ಪಟ್ಟಿಯಲ್ಲಿ ಇದಕ್ಕೆ ಬೇರೆ ಹೆಸರೂ ಇರಲಿಲ್ಲ, ದಿಬ್ಬದ ಜೊತೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. 1980ರ ದಶಕದ ಉತ್ಖನನದಲ್ಲಿ ಹೊರಬಂದ ಈ ಕೊಳದ ಕಪ್ಪು ಕಲ್ಲುಗಳ ಮೇಲೆ ಕಲ್ಲುಕುಟಿಗರು ಕೆತ್ತಿದ ಗುರುತುಗಳಿವೆ: ಯಾವ ದಿಕ್ಕು, ಯಾವ ಸಾಲು, ಎಷ್ಟನೆಯ ಮೆಟ್ಟಿಲು ಎಂದು. ಕಲ್ಲು ಬೇರೆಲ್ಲೋ ತಯಾರಾಗಿ ಇಲ್ಲಿ ಬಂದು ಕೂತಿದೆ ಎಂಬುದಕ್ಕೆ ಅದು ಸಾಕ್ಷಿ. ಬೆಳಗಿನ ಓರೆ ಬಿಸಿಲು ಬಿದ್ದಾಗ ಅಕ್ಷರದ ಅಂಚು ಎದ್ದು ಕಾಣುತ್ತದೆ. ಹೊತ್ತೇರಿ ಬಿಸಿಲು ನೆತ್ತಿಗೆ ಬಂದಾಗ ಕಲ್ಲು ಬರೇ ಕಲ್ಲಾಗಿಬಿಡುತ್ತದೆ. ಕೊಳದೊಳಗೆ ಇಳಿಯುವಂತಿಲ್ಲ, ಆದ್ದರಿಂದ ಗೈಡ್ ತಮ್ಮ ಫೋನಿನಲ್ಲಿರುವ ಹತ್ತಿರದ ಚಿತ್ರವನ್ನು ತೋರಿಸಿ, ದಂಡೆಯಿಂದ ಅಂಥದ್ದನ್ನೇ ಹುಡುಕಲು ಬಿಡುತ್ತಾರೆ. ಮಕ್ಕಳು ದೊಡ್ಡವರಿಗಿಂತ ಬೇಗ ಹುಡುಕುತ್ತಾರೆ.

ನಾಲ್ಕನೆಯದು ರಸ್ತೆ ಪಕ್ಕದ ಭೋಜನಶಾಲೆ, ಕಾಲುವೆಯ ಎರಡು ಬದಿಗೆ ಕಲ್ಲಿನಲ್ಲೇ ಕೊರೆದ ಊಟದ ತಟ್ಟೆಗಳ ಸಾಲು. ಐದನೆಯದು ತಳವಾರಘಟ್ಟದ ಹೆಬ್ಬಾಗಿಲು. ಇಂದಿನ ರಸ್ತೆ ಅದರೊಳಗಿಂದಲೇ ಹಾಯುವುದರಿಂದ ಹಳೆಯ ನಗರದ ಬಾಗಿಲನ್ನು ಗಾಡಿಯ ಮೇಲೆ ಕೂತೇ ದಾಟುವ ಅವಕಾಶ ಸಿಗುತ್ತದೆ. ಕೊನೆಗೆ ವಿಠ್ಠಲ. ಗೆಜ್ಜಲ ಮಂಟಪದ ಆಚೆಗೆ ಹೊರಗಿನ ವಾಹನ ಬಿಡುವುದಿಲ್ಲ. ಅಲ್ಲಿಂದ ಸುಮಾರು ಒಂದು ಕಿಲೋಮೀಟರ್ ಹೆಣ್ಣುಮಕ್ಕಳು ಓಡಿಸುವ ಬ್ಯಾಟರಿ ಗಾಡಿ ಅಥವಾ ನಡಿಗೆ. ಮೊದಲು ಇದು ತಂಡಕ್ಕೆ ಕಿರಿಕಿರಿಯ ವಿಷಯವಾಗಿತ್ತು, ಈಗ ಸ್ಕೂಟರುಗಳಿಗೆ ವಿಶ್ರಾಂತಿ.

ಮಾತಿನ ಸಮಸ್ಯೆಗೂ ದಾರಿ ಸಿಕ್ಕಿತು. ಓಡುವಾಗ ಯಾರೂ ಏನೂ ಹೇಳುವುದಿಲ್ಲ, ಇಯರ್‌ಫೋನ್ ಕಡ್ಡಾಯವಾಗಿ ಚೀಲದಲ್ಲಿ. ಬದಲಿಗೆ ಪ್ರತಿ ನಿಲುಗಡೆಯಿಂದ ಹೊರಡುವ ಮುಂಚೆ ಗೈಡ್ ಒಂದು ಪ್ರಶ್ನೆ ಕೊಡುತ್ತಾರೆ: ಮುಂದಿನ ಎರಡು ಕಿಲೋಮೀಟರಿನಲ್ಲಿ ನೀರು ನಿಮ್ಮ ಎಡಕ್ಕೆ ಹರಿಯುತ್ತದೋ ಬಲಕ್ಕೋ? ಎಷ್ಟು ಕಡೆ ಗೋಡೆ ದಾಟಿದಿರಿ? ಮುಂದೆ ನಿಂತಾಗ ಉತ್ತರದಿಂದಲೇ ಮಾತು ಶುರುವಾಗುತ್ತದೆ. ಹಿಂದಿನ ಹುಡುಗ ಯಾವ ಕಾರಣಕ್ಕೂ ಸಾಲು ಬಿಡುವಂತಿಲ್ಲ. ಗಾಡಿ ಕೆಟ್ಟರೆ ಇಡೀ ತಂಡ ನಿಲ್ಲುತ್ತದೆ. ಒಂದು ಚಾರ್ಜಿಗೆ ಒಂದೇ ತಂಡ. ಗೀಟು ನೋಡುವುದನ್ನು ಬಿಟ್ಟು ಪ್ರತಿ ಗಾಡಿಗೂ ಒಂದು ಪುಸ್ತಕ, ಅದರಲ್ಲಿ ಓಡಿದ ಕಿಲೋಮೀಟರ್ ಮತ್ತು ಏರಿನಲ್ಲಿ ಅಳೆದ ವೋಲ್ಟೇಜ್.

ಆದದ್ದು

ಮೊದಲ ಎರಡು ತಿಂಗಳು ನಷ್ಟ. ಬೆಂಗಳೂರಿನಿಂದ ವಾರಾಂತ್ಯದ ಗುಂಪು ಕಳಿಸುತ್ತಿದ್ದ ಏಜೆಂಟರೊಬ್ಬರು ಆರು ಪಾಯಿಂಟಿಗೆ ಯಾರು ದುಡ್ಡು ಕೊಡುತ್ತಾರೆ ಎಂದು ಕೈಬಿಟ್ಟರು. ಉಗ್ರನರಸಿಂಹನನ್ನು ತೋರಿಸಲಿಲ್ಲ ಎಂದು ಜಗಳ ಆಡಿದವರಿದ್ದರು, ಅವರ ಬೇಸರ ನ್ಯಾಯವಾದದ್ದೇ. 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆದ ಆ ಮೂರ್ತಿಯನ್ನು ನೋಡದೆ ಹಂಪಿ ಬಿಟ್ಟು ಹೋಗುವುದು ನನಗೂ ಒಪ್ಪಿಗೆಯಿಲ್ಲ. ಸಂಚಾಲಕಿ ಇದಕ್ಕೆ ಸುಲಭದ ದಾರಿ ಕಂಡುಕೊಂಡರು: ಹೊಳೆ ದಂಡೆಯ, ಹೇಮಕೂಟದ ಬದಿಯ ಸ್ಥಳಗಳನ್ನು ಸಂಜೆಯ ಕಾಲ್ನಡಿಗೆಯ ಸುತ್ತಾಗಿ ಬೇರೆ ಮಾಡಿದರು, ಬೇಕಾದವರು ಅದಕ್ಕೆ ಸೇರಬಹುದು. ಗುಡಿಗಳು ಒತ್ತೊತ್ತಾಗಿರುವ ಆ ಭಾಗಕ್ಕೆ ಸ್ಕೂಟರ್ ಬೇಕಾಗಿಯೇ ಇರಲಿಲ್ಲ ಎಂಬುದು ಆಗ ಗೊತ್ತಾಯಿತು.

ಎರಡನೆಯ ಋತು ಮುಗಿಯುವವರೆಗೆ ಯಾರೂ ಬೀಳಲಿಲ್ಲ. ದಾರಿಯಲ್ಲಿ ನಿಂತ ಗಾಡಿ ಒಂದು, ಅದೂ ಪಂಕ್ಚರ್. ಮಧ್ಯಾಹ್ನದ ತಂಡ ಹೋದದ್ದರಿಂದ ದಿನದ ವರಮಾನ ಇನ್ನೂ ಹಳೆಯ ಮಟ್ಟಕ್ಕೆ ಬಂದಿಲ್ಲ, ಆದರೆ ವರ್ಷ ತುಂಬುವುದರೊಳಗೆ ಬ್ಯಾಟರಿ ಬದಲಿಸುವ ಖರ್ಚು ತಪ್ಪಿದೆ. ಬಗೆಹರಿಯದೆ ಉಳಿದದ್ದು ಒಂದು: ಗಾಡಿ ಓಡಿಸಲಾರದ ಹಿರಿಯರು. ಹಿಂದೆ ಕೂರಿಸಿದರೆ ಕಡಿಮೆ ಶಕ್ತಿಯ ಈ ಗಾಡಿಗಳು ಏರಿನಲ್ಲಿ ಸೋಲುತ್ತವೆ. ಸದ್ಯಕ್ಕೆ ಅಂಥವರಿಗಾಗಿ ಒಂದು ಆಟೋ ಸಾಲಿನ ಹಿಂದೆ ಬರುತ್ತದೆ, ಹಿಂದೆ ಕಾವಲಿಗಿರುವ ಹುಡುಗನಿಗಿಂತ ಮುಂದೆ.

ಬೋರ್ಡನ್ನು ಇನ್ನೂ ಬದಲಿಸಿಲ್ಲ. ಹದಿನಾಲ್ಕರಲ್ಲಿ ಕೈಬಿಟ್ಟ ಹೆಸರುಗಳ ಮೇಲೆ ಬಿಳಿ ಬಣ್ಣ ಬಳಿದಿದ್ದಾರೆ, ಬಿಸಿಲು ಜೋರಿದ್ದ ಹೊತ್ತಿನಲ್ಲಿ ಕೆಳಗಿನ ಅಕ್ಷರಗಳು ಈಗಲೂ ಮಸುಕಾಗಿ ಕಾಣುತ್ತವೆ, ಓದಿದವರು ಬಂದು ಕೇಳುತ್ತಲೂ ಇರುತ್ತಾರೆ.